ಕೃಷ್ಣಗಿರಿ ಛತ್ರದ ಬಾಗಿಲಲ್ಲಿ ಟೆಸ್ಸಮ್ಮ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಕೆಳಗಿನ ಮಾತು. ಸಿಟ್ಟು ಇವತ್ತಿಗೂ ಇಳಿದಿಲ್ಲ.

ಟೆಸ್ ಆಸ್ಟ್ರೇಲಿಯಾದವಳು. ತಾನೇ ಹಾಡು ಕಟ್ಟಿ ತಾನೇ ಹಾಡುವವಳು. ಬೆನ್ನಿಗೆ ಕಂಪನಿಯಿಲ್ಲ, ಏಜೆಂಟಿಲ್ಲ; ಗಿಟಾರ್ ಹೊತ್ತು ಒಬ್ಬಳೇ ದೇಶ ದೇಶ ತಿರುಗುತ್ತಿದ್ದಳು. ನನ್ನ ಸೋಬಾನೆ ಕೇಳಲು ತಮಿಳುನಾಡಿನ ಗಡಿಯಲ್ಲಿರುವ ನಮ್ಮೂರು ಗುಮ್ಮಳಾಪುರಕ್ಕೆ ಬಂದವಳು ಎರಡು ತಿಂಗಳು ನಮ್ಮ ಮನೆಯಲ್ಲೇ ಮುದ್ದೆ ನುಂಗಿದಳು. ಊರವರ ಬಾಯಲ್ಲಿ ಟೆಸ್ಸಮ್ಮ ಆದಳು. ಆದರೆ ನಮ್ಮ ದೇಶದಲ್ಲಿ ಒಂದು ಸಲವೂ ಜನರ ಮುಂದೆ ಹಾಡಿರಲಿಲ್ಲ. ಇನ್ನು ಮೂರು ದಿನಕ್ಕೆ ವಿಮಾನ ಹತ್ತಬೇಕಿತ್ತು.

ಕೆಲಮಂಗಲದ ಮದುವೆ ಕಾಂಟ್ರಾಕ್ಟರ್ ಮುನಿರಾಜ ನನ್ನನ್ನು ಕೃಷ್ಣಗಿರಿಯ ಒಂದು ಮದುವೆಗೆ ಹಾಡಲು ಕರೆದಿದ್ದ. "ಮೇಡಮ್ಮನ್ನೂ ಕರ್ಕೊಂಡ್ ಬಾ ಅಜ್ಜಿ, ಅವ್ರ ಹಾಡೇ ಮೂರು ಹಾಡ್ಸಾನ" ಎಂದ. ಅದನ್ನು ನಂಬಿ ಅವಳಿಗೆ ಮಾತು ಕೊಟ್ಟವಳು ನಾನು.

ಬೆಳಿಗ್ಗೆ ಆರಕ್ಕೆ ಹೊರಟೆವು. ಹೊಸೂರಿಗೆ ಹೋಗುವ ಸರ್ಕಾರಿ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಕಂಡಕ್ಟರ್ ಟೆಸ್ಸನ್ನು ನೋಡಿ, ನನ್ನನ್ನು ತಮಿಳಿನಲ್ಲಿ ಅಜ್ಜಿ ಎಂದು ಕರೆದು, "ಪಾಟ್ಟಿ, ಇವ್ರಿಗೂ ಫ್ರೀನಾ?" ಎಂದ.

"ಯಾಕಪ್ಪ, ಅವಳೇನ್ ಗಂಡ್ಸಾ?" ಎಂದೆ. ಬಸ್ಸೆಲ್ಲ ನಕ್ಕಿತು.

ಹೊಸೂರಿನಲ್ಲಿ ಇಡ್ಲಿ ತಿಂದು ಕೃಷ್ಣಗಿರಿ ಬಸ್ಸು ಹಿಡಿದೆವು. ಐವತ್ತು ಕಿಲೋಮೀಟರ್. ಶೂಳಗಿರಿ ದಾಟುತ್ತಲೇ ಬಿಸಿಗಾಳಿ. ಟೆಸ್ ಕಣ್ಣು ಮುಚ್ಚಿ ಬೆರಳಲ್ಲಿ ತಾಳ ಹಾಕುತ್ತಿದ್ದಳು.

ಛತ್ರದಲ್ಲಿ ಮುನಿರಾಜ ಅವಳಿಗೆ ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ, ಕೈಗೆ ಪನ್ನೀರುದಾನಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ. ಗಿಟಾರ್ ಉಗ್ರಾಣದಲ್ಲಿ, ಈರುಳ್ಳಿ ಮೂಟೆಯ ಪಕ್ಕ.

"ಹಾಡು ಎಲ್ಲೋಯ್ತಲಾ?" ಎಂದೆ.

"ಬಿಳೀ ಹೆಣ್ಣು ಬಾಗ್ಲಾಗೆ ನಿಂತ್ರೆ ಫೋಟೋ ಚೆಂದಾಗ್ ಬತ್ತದೆ. ಹಾಡು ಯಾರಿಗ್ ಬೇಕಜ್ಜಿ?"

ಎರಡು ಗಂಟೆ ನಿಂತಳು. ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. "ಬಿಸಾಕಿ ಬಾರೆ, ಹೋಗಾನ" ಎಂದು ರೇಗಿದೆ.

ಅವಳು ತನಗೆ ಬರುವ ಕನ್ನಡದಲ್ಲಿ, "ಅಜ್ಜಿ, ಲಂಡನ್ನಲ್ಲಿ ಒಂದು ಬಾರಲ್ಲಿ ನಾನು ಹಾಡಿದಾಗ ಟಿವಿ ಜೋರು ಮಾಡಿದ್ರು. ಬರ್ಲಿನ್ನಲ್ಲಿ ಪಾತ್ರೆ ತೊಳೆಸಿ ಆಮೇಲೆ ಹಾಡಿಸಿದ್ರು. ಕಾಯ್ತೀನಿ" ಎಂದಳು. ಆ ತಾಳ್ಮೆ ಕಂಡು ನನಗೆ ಇನ್ನೂ ಮೈ ಉರಿಯಿತು.

ತಾಳಿ ಕಟ್ಟಿದ್ದಾಯಿತು. ನಮ್ಮವರಲ್ಲಿ ಸೋಬಾನೆ ಇಲ್ಲದೆ ಆರತಿ ಎತ್ತುವುದಿಲ್ಲ. ಆರತಿ ಆಗದೆ ಗಂಡು ಹೆಣ್ಣು ಹಸೆಯಿಂದ ಏಳುವಂತಿಲ್ಲ. ಮೈಕು ನನ್ನ ಕೈಗೆ ಬಂತು. ಬಾಯಿ ಮುಚ್ಚಿಕೊಂಡು ಕೂತೆ.

ಮುನಿರಾಜ ಓಡಿ ಬಂದ. "ಹಾಡಜ್ಜಿ! ಎಲೆ ಹಾಕ್ಬುಟ್ಟವ್ರೆ."

"ಮೊದ್ಲು ಅವಳ ಗಿಟಾರ್ ತತ್ತಾರ್ಲಾ. ಅವಳು ಹಾಡ್ಲಿ, ಆಮ್ಯಾಕೆ ನಾನು."

"ನನ್ ಮಾನ ಕಳೀಬ್ಯಾಡ."

"ಇದ್ರೆ ತಾನೆ ಕಳಿಯಾಕೆ?"

ಕೊನೆಗೆ ಹೆಣ್ಣಿನ ಅಜ್ಜಿಯೇ ಕೂಗಿದಳು: "ಆ ಹುಡ್ಗೀನ್ ಕರೀರೋ! ನನ್ ಮೊಮ್ಮಗಳ ಕಾಲು ಜೋಮು ಹಿಡೀತದೆ!"

ಟೆಸ್ ಗಿಟಾರಿನ ಮೇಲಿನ ಈರುಳ್ಳಿ ಸಿಪ್ಪೆ ಒರೆಸಿ ಹಾಡಿದಳು. ನನಗೆ ಒಂದು ಮಾತೂ ತಿಳಿಯಲಿಲ್ಲ. ಅರ್ಧ ಛತ್ರ ಊಟಕ್ಕೆ ಎದ್ದು ಹೋಯಿತು. ಮದುವಣಗಿತ್ತಿ ಮಾತ್ರ ಕದಲದೆ ಕೇಳಿದಳು. ಒಂದು ಮುಗಿಯುತ್ತಲೇ ಮುನಿರಾಜ ಮೈಕು ಕಿತ್ತುಕೊಂಡ. ಅವಳು ಮೈಕಿಲ್ಲದೆಯೇ ಉಳಿದೆರಡನ್ನೂ ಹಾಡಿದಳು. ಆಮೇಲೆ ನಾನು ಸೋಬಾನೆ ಎತ್ತಿದೆ.

ಹೊರಡುವಾಗ ಮುನಿರಾಜ ಟೆಸ್ ಬಿಚ್ಚಿಟ್ಟ ಆ ಸೀರೆಯನ್ನು ನನ್ನ ಚೀಲಕ್ಕೆ ತುರುಕಿ, "ನಾಳಿದ್ದಿನ ಮದ್ವೆಗೂ ಮೇಡಮ್ಮಂಗೆ ಇದನ್ನೇ ಉಡ್ಸಿ ಬಾಗ್ಲಿಗೆ ಕಳ್ಸು" ಎಂದ. ಬಸ್ಸು ಹೊರಟುಬಿಡುತ್ತಿತ್ತು; ಉಗಿಯಲೂ ಹೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಕೆಲಮಂಗಲಕ್ಕೆ ಹೋದೆ. ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಮುನಿರಾಜನ ಹೆಗಲ ಮೇಲೆ ಸೀರೆ ಹಾಕಿ, "ನೀನೇ ಉಟ್ಕೊಂಡ್ ನಿಂತ್ಕೊಳ್ಲಾ" ಎಂದು ಹೇಳಿ, ಅದೇ ಬಸ್ಸಿಗೆ ವಾಪಸು ಬಂದೆ.