ಸಿದ್ದಗಂಗಮ್ಮನವರಿಗೆ ಕೊಟ್ಟ ನಲವತ್ತೆಂಟು ಅಂಕ

1978ರಲ್ಲಿ ನಾನು ಬೆಂಗಳೂರಿನ ಒಂದು ಶಿಶುಶಿಕ್ಷಣ ಘಟಕದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. 1979 ಇದ್ದರೂ ಇರಬಹುದು. ಆ ಪ್ರವಾಸದ ನೋಟ್‌ಬುಕ್ಕಿನಲ್ಲಿ ತಿಂಗಳು, ವಾರ, ಬಸ್ಸಿನ ಹೊತ್ತು ಎಲ್ಲ ಇದೆ, ಇಸವಿ ಮಾತ್ರ ಬರೆದಿಲ್ಲ. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಅಳೆಯಲು ಬಾರದ್ದನ್ನು ನಂಬಬಾರದು ಎಂಬ ಹಟವಿತ್ತು. ಒಂದೂರಿನಲ್ಲಿ ಎರಡು ದಿನ ಕೂತಿರುವ ತಾಳ್ಮೆ ಇರಲಿಲ್ಲ.

ನಮ್ಮ ಘಟಕ ಮೂರರಿಂದ ಐದು ವರ್ಷದ ಮಕ್ಕಳಿಗೆ ಗಟ್ಟಿಯಾಗಿ ಓದಿ ತೋರಿಸುವ ನಗೆಯ ಚಿತ್ರಪುಸ್ತಕಗಳನ್ನು ಮಾಡುತ್ತಿತ್ತು. ಓದುವವರು ಸುಮ್ಮನೆ ಓದಿ ಮುಗಿಸುವಂತಿರಲಿಲ್ಲ. ಪ್ರತಿ ಪುಟದಲ್ಲೂ ಮಕ್ಕಳು ಏನಾದರೊಂದು ಮಾಡಬೇಕಿತ್ತು: ನೆಲ ಗುದ್ದುವುದು, ಪುಟವನ್ನು ಊದುವುದು, ಕೂಗಿ ಉತ್ತರ ಹೇಳುವುದು. ಅಚ್ಚಿಗೆ ಕಳಿಸುವ ಮುನ್ನ ಕೈಯಲ್ಲೇ ಬರೆದು ಬಣ್ಣ ಹಾಕಿದ ಮಾದರಿ ಪ್ರತಿಗಳನ್ನು ಹಳ್ಳಿಯ ಶಿಶುವಿಹಾರಗಳಿಗೆ ಮೊದಲೇ ಕಳಿಸಿ, ಕೆಲವು ವಾರದ ಮೇಲೆ ಹೋಗಿ ಓದಿಸಿ ನೋಡುತ್ತಿದ್ದೆವು. ಇದಕ್ಕೆ ಫೀಲ್ಡ್ ಟೆಸ್ಟಿಂಗ್ ಎಂದು ಹೆಸರು. ತುರುವೇಕೆರೆ ತಾಲ್ಲೂಕಿನ ಹನ್ನೊಂದು ಶಿಶುವಿಹಾರಗಳು ನನ್ನ ಪಾಲಿಗೆ ಬಂದಿದ್ದವು.

ಅಳೆಯುವ ಫಾರಂ ನಾನೇ ತಯಾರಿಸಿದ್ದು. ಹತ್ತು ಪ್ರಶ್ನೆ, ಒಂದೊಂದಕ್ಕೆ ಐದು ಅಂಕ. ಓದುವವರ ದೃಷ್ಟಿ ಪುಟದ ಮೇಲಿದೆಯೋ ಮಕ್ಕಳ ಮೇಲಿದೆಯೋ? ಬರೆದ ಮಾತನ್ನು ಊರಿನ ಮಾತಿಗೆ ಹೊಂದಿಸುತ್ತಾರೋ? ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಎಷ್ಟು ಸೆಕೆಂಡು ಕಾಯುತ್ತಾರೆ? ಕೊನೆಯದಕ್ಕೆಂದು ಸ್ಟಾಪ್‌ವಾಚ್ ಇಟ್ಟುಕೊಂಡಿದ್ದೆ.

ಮೊದಲ ಐದಾರು ಕಡೆ ಫಲಿತಾಂಶ ಸಪ್ಪೆಯಾಗಿತ್ತು. ಟೀಚರುಗಳು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಪಾಠದಂತೆ ಓದುತ್ತಿದ್ದರು. ಪ್ರಶ್ನೆ ಕೇಳಿ ಎರಡು ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಮಕ್ಕಳು ನಗಬೇಕಾದಲ್ಲಿ ಕೈಕಟ್ಟಿ ಕೂತಿರುತ್ತಿದ್ದರು.

ಏಳನೆಯದು ದಬ್ಬೇಘಟ್ಟ ಹೋಬಳಿಯ ಒಂದು ಹಳ್ಳಿ. ಅಲ್ಲಿನ ಮಹಿಳಾ ಸಮಾಜದವರು ಒಬ್ಬರ ಮನೆಯ ಪಡಸಾಲೆಯಲ್ಲಿ ಶಿಶುವಿಹಾರ ನಡೆಸುತ್ತಿದ್ದರು. ತಲೆಯ ಮೇಲೆ ಹಲಗೆಯ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ತೆಂಗಿನಕಾಯಿ. ಜೊತೆಗೆ ಬರಬೇಕಿದ್ದ ತಾಲ್ಲೂಕಿನ ಮೇಲ್ವಿಚಾರಕಿ ಜಯಲಕ್ಷ್ಮಮ್ಮನವರಿಗೆ ಆ ದಿನ ಬರಲಾಗಲಿಲ್ಲ. ಅವರು ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತಷ್ಟೆ. ಬಾಗಿಲಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಹೆಸರು ಸಿದ್ದಗಂಗಮ್ಮ. ನಾನು ಟೀಚರಮ್ಮ ಎಂದು ಕರೆದೆ. ಟೀಚರಮ್ಮ ಹೆರಿಗೆಗೆ ಹೋಗವ್ರೆ, ಬರೋಗಂಟ ನಾನೇ ನೋಡ್ಕತೀನಿ ಎಂದರು. ಬದಲಿ ಟೀಚರು ಎಂದು ಬರೆದುಕೊಂಡೆ.

ಆ ದಿನದ ಪುಸ್ತಕದಲ್ಲಿ ಅಟ್ಟದ ಮೇಲೆ ಧಡ್ ಎಂದು ಸದ್ದಾಗುತ್ತದೆ, ಯಾರಿರಬಹುದೆಂದು ಮನೆಯವರೆಲ್ಲ ಊಹಿಸುತ್ತಾರೆ. ಸಿದ್ದಗಂಗಮ್ಮ ಪುಸ್ತಕವನ್ನು ಎದೆಯ ಮೇಲೆ ನಿಲ್ಲಿಸಿ ಮಕ್ಕಳ ಕಡೆಗೆ ತಿರುಗಿಸಿದರು. ಒಮ್ಮೆಯೂ ಪುಟವನ್ನು ನೋಡಲಿಲ್ಲ. ಇನ್ನೊಂದು ಕೈಯಲ್ಲಿದ್ದ ಕೋಲಿನಿಂದ ಮೇಲಿನ ಹಲಗೆಯನ್ನು ಕುಟ್ಟಿದರು. ಅಟ್ಟದಲ್ಲಿ ನಿಜವಾಗಿಯೇ ನಾಲ್ಕು ಕಾಯಿ ಉರುಳಿದವು. ಮಕ್ಕಳು ಕಿರುಚಿ ಒಬ್ಬರ ಮೇಲೊಬ್ಬರು ಬಿದ್ದರು.

"ಯಾರ್ಲಾ ಅದು ಮ್ಯಾಲೆ?" ಎಂದು ಕೇಳಿ ಕಾದರು. ಒಂದು ಮಗು ಇಲಿ ಎಂದಿತು, ಇನ್ನೊಂದು ಬೆಕ್ಕು ಎಂದಿತು. ಅವರು ಎರಡನ್ನೂ ಒಪ್ಪದೆ ಮುಂದಕ್ಕೆ ಬಾಗಿ, ಬಾಲ ಹೆಂಗೈತೆ, ಮೀಸೆ ಹೆಂಗೈತೆ ಎಂದು ಒಂದೊಂದಾಗಿ ಕೇಳಿದರು. ಅದರ ಮೂತಿ ಯಾರ ಥರ ಐತೆ ಎಂದಾಗ ಕೆಂಪು ಲಂಗದ ಹುಡುಗಿ ತನ್ನ ಮಾವನ ಹೆಸರು ಹೇಳಿದಳು. ಸ್ಟಾಪ್‌ವಾಚಿನಲ್ಲಿ ಹದಿನಾಲ್ಕು ಸೆಕೆಂಡು, ಹದಿನೇಳು ಸೆಕೆಂಡು. ಪುಸ್ತಕದ ಮಾತಿಗೂ ಅವರ ಮಾತಿಗೂ ಎಷ್ಟೋ ಕಡೆ ಹೊಂದಿಕೆಯೇ ಇರಲಿಲ್ಲ. ನಾನು ಸಂತೋಷದಿಂದ 'ಪಠ್ಯವನ್ನು ಸ್ವತಂತ್ರವಾಗಿ ಬಳಸುತ್ತಾರೆ' ಎಂದು ಬರೆದು ಐದಕ್ಕೆ ಐದು ಕೊಟ್ಟೆ. ಒಟ್ಟು ಐವತ್ತಕ್ಕೆ ನಲವತ್ತೆಂಟು.

ತುರುವೇಕೆರೆಗೆ ಹಿಂದಿರುಗಿ ಜಯಲಕ್ಷ್ಮಮ್ಮನವರಿಗೆ ಒಂದು ಟಿಪ್ಪಣಿ ಕೊಟ್ಟೆ: ತಾಲ್ಲೂಕಿನಲ್ಲಿ ಇವರಷ್ಟು ಚೆನ್ನಾಗಿ ಓದಿ ತೋರಿಸುವವರಿಲ್ಲ. ಅದು ಕೇವಲ ಹೊಗಳಿಕೆಯಾಗಿ ಉಳಿಯಲಿಲ್ಲ. ಹೆರಿಗೆಗೆ ಹೋಗಿದ್ದ ಟೀಚರು ಗಂಡನ ಊರಿನಲ್ಲೇ ಉಳಿಯುವುದಾಗಿ ಹೇಳಿಕಳಿಸಿದ್ದರು. ಆ ಜಾಗ ಸಿದ್ದಗಂಗಮ್ಮನವರಿಗೇ ಆಗಲಿ ಎಂದು ಜಯಲಕ್ಷ್ಮಮ್ಮ ನನ್ನ ಟಿಪ್ಪಣಿಯ ಆಧಾರದ ಮೇಲೆ ಸಮಾಜದವರಿಗೆ ಸೂಚಿಸಿದರು. ಜೊತೆಗೆ ಹನ್ನೊಂದೂ ಶಿಶುವಿಹಾರದವರು ಒಂದೆಡೆ ಸೇರಿ ಅವರ ಓದನ್ನು ನೋಡಬೇಕೆಂದು ತುರುವೇಕೆರೆಯಲ್ಲಿ ಒಂದು ದಿನದ ಕಾರ್ಯಕ್ರಮ ಗೊತ್ತುಮಾಡಿದರು.

ಆ ದಿನಕ್ಕೆಂದು ನಾನು ಯಾರೂ ನೋಡಿರದ ಹೊಸ ಪುಸ್ತಕ ಒಯ್ದಿದ್ದೆ. ಒಂದು ಎಮ್ಮೆ ಪ್ರತಿ ಪುಟದಲ್ಲೂ ತನಗಿಂತ ಚಿಕ್ಕ ವಸ್ತುವಿನ ಹಿಂದೆ ಅಡಗುತ್ತದೆ: ಪೊರಕೆ, ಮೊರ, ಆಗತಾನೆ ನೆಟ್ಟ ತೆಂಗಿನ ಸಸಿ. ಓದುವವರು ಎಮ್ಮೆ ಕಾಣದವರಂತೆ ನಟಿಸಬೇಕು, ಮಕ್ಕಳು ಕೂಗಿ ತೋರಿಸಬೇಕು. ಶಾಲೆಯ ಹಜಾರದಲ್ಲಿ ಇಪ್ಪತ್ತು ಮಕ್ಕಳು, ಅವರ ಹಿಂದೆ ಟೀಚರುಗಳು, ಸಮಾಜದ ಇಬ್ಬರು ಪದಾಧಿಕಾರಿಗಳು. ಪುಸ್ತಕವನ್ನು ಸಿದ್ದಗಂಗಮ್ಮನವರ ಕೈಗೆ ಕೊಟ್ಟೆ. ಅವರು ಪುಟಗಳನ್ನು ಮಗುಚಿ ನೋಡಿ, ಏನು ಬರೆದಿದೆ ಎಂದು ಒಂದು ಸಲ ಹೇಳಿಕೊಡಿ ಎಂದರು. ಮೊದಲ ಓದಿನ ಸಹಜತೆಯೇ ನನಗೆ ಬೇಕಾದದ್ದು, ಹಾಗೇ ಓದಿ ಎಂದೆ.

ಅವರು ನನ್ನ ಹತ್ತಿರಕ್ಕೆ ಬಂದು ಮೆಲ್ಲಗೆ ಹೇಳಿದರು.

"ನಂಗೆ ಓದಕ್ಕೆ ಬರಲ್ಲ ಕಣ್ರೀ ಸ್ವಾಮಿ."

ಅವರು ಆಯಾ. ಹಿಂದಿನ ಟೀಚರು ಆ ಅಟ್ಟದ ಪುಸ್ತಕವನ್ನು ಹೆರಿಗೆಗೆ ಹೋಗುವ ಮುನ್ನ ಹದಿನೈದು ದಿನ ಓದಿದ್ದರು. ಗುಡಿಸುತ್ತ, ನೀರು ತುಂಬುತ್ತ ಕೇಳಿಸಿಕೊಂಡದ್ದರಲ್ಲಿ ನೆನಪಿದ್ದಷ್ಟನ್ನು ಇವರು ಹೇಳಿದ್ದರು. ನೆನಪಿಲ್ಲದ ಕಡೆ ಮಕ್ಕಳನ್ನು ಕೇಳಿದ್ದರು.

ಆಗ ನಾನು ಏನು ಮಾಡಿದೆ ಎಂಬುದನ್ನು ಬಹಳ ಕಾಲ ಬೇರೆಯಾಗಿ ಹೇಳುತ್ತಿದ್ದೆ. ಸಿದ್ದಗಂಗಮ್ಮನವರ ಗಂಟಲು ಕಟ್ಟಿದೆ ಎಂದು ಜಯಲಕ್ಷ್ಮಮ್ಮ ಸಭೆಗೆ ಹೇಳಿದರೆಂದು ನನ್ನ ನೆನಪು. ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ 'ಗಂಟಲು ಕಟ್ಟಿದೆ ಎಂದೆ' ಎಂದಿದೆ. ಹಾಗಾಗಿ ಆ ಸುಳ್ಳು ನನ್ನದೇ. ಹೇಳಿ, ಪುಸ್ತಕ ಕಸಿದುಕೊಂಡು ನಾನೇ ಓದಲು ಕೂತೆ.

ಎರಡು ಪುಟ ಓದಿದೆ. ಎಮ್ಮೆ ಎಲ್ಲಿದೆ, ನನಗೆ ಕಾಣುತ್ತಿಲ್ಲ ಎಂದೆ. ಮಕ್ಕಳು ನನ್ನ ಮುಖ ನೋಡಿದರು. ಪರೀಕ್ಷೆ ಮಾಡಲು ಬಂದ ಪ್ಯಾಂಟಿನ ಮನುಷ್ಯನಿಗೆ ಎಮ್ಮೆ ಕಂಡೇ ಇದೆ ಎಂಬುದು ಅವರಿಗೆ ಗೊತ್ತಿತ್ತು. ಮೂರನೆಯ ಪುಟ ತಿರುಗಿಸುವಷ್ಟರಲ್ಲಿ ಪಕ್ಕದಿಂದ ದನಿ ಬಂತು.

"ಲೇ, ಎಮ್ಮೆ ಎಲ್ಲೈತ್ರಲಾ? ಮೇಷ್ಟ್ರು ಎಮ್ಮೆ ಎಮ್ಮೆ ಅಂತಾವ್ರೆ, ನನ್ ಕಣ್ಣಿಗೊಂದೂ ಬೀಳ್ತಿಲ್ವಲ್ಲ."

ಸಿದ್ದಗಂಗಮ್ಮ ಮಕ್ಕಳ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಕೂತಿದ್ದರು. ಅಲ್ಲಿಂದ ಪುಟ ಅವರಿಗೆ ನಿಜವಾಗಿಯೂ ಸರಿಯಾಗಿ ಕಾಣುತ್ತಿರಲಿಲ್ಲ.

"ಪೊರಕೆ ಹಿಂದೆ!"

"ಬುಡ್ಲಾ, ಪೊರಕೆ ಹಿಂದೆ ಎಮ್ಮೆ ಹಿಡಿಸ್ತದಾ? ನಿಮ್ಮಪ್ಪ ಹಿಡಿಸ್ತಾನಾ ಪೊರಕೆ ಹಿಂದೆ?"

ಮಕ್ಕಳು ಎದ್ದುಬಂದು ಪುಟದ ಮೇಲೆ ಕೈಯಿಟ್ಟು ತೋರಿಸತೊಡಗಿದರು. ಅಲ್ಲಿಂದಾಚೆಗೆ ನಾನು ಅಕ್ಷರ ಓದಿದೆ, ಅವರು ಚಿತ್ರ ಕೇಳಿದರು. ಒಂದು ಮಗು ಹಜಾರದ ಮೂಲೆಯಲ್ಲಿದ್ದ ಮೊರದ ಹಿಂದೆ ತಾನೇ ಅಡಗಲು ಹೋಗಿ ಗೋಡೆಗೆ ತಲೆ ತಾಗಿಸಿಕೊಂಡು ನಕ್ಕಿತು. ಟೀಚರುಗಳೂ ನಕ್ಕರು. ಮುಗಿದ ಮೇಲೆ ಅವರಲ್ಲೊಬ್ಬರು, ಗಂಟಲು ಸರಿಯಾಯಿತೇನಕ್ಕ ಎಂದು ಕೇಳಿದರು.

"ಗಂಟಲು ಚೆನ್ನಾಗೈತೆ ಕಣವ್ವ. ಓದಕ್ಕೆ ಬರಲ್ಲ, ಅಷ್ಟೆ."

ಅವರು ಆಯಾ ಎಂದು ಗೊತ್ತಿದ್ದರೂ ನನ್ನ ಟಿಪ್ಪಣಿ ನೋಡಿ ಓದು ಬರುತ್ತದೆಂದೇ ನಂಬಿದ್ದ ಸಮಾಜದ ಇಬ್ಬರು ಮುಖ ಮುಖ ನೋಡಿಕೊಂಡರು. ಟೀಚರ ಜಾಗ ಅಲ್ಲಿಗೆ ತಪ್ಪಿತು. ಅದು ತಪ್ಪಬೇಕಾದದ್ದೇ, ಅಕ್ಷರ ಬಾರದವರಿಗೆ ಆ ಹುದ್ದೆ ಕೊಡುವ ನಿಯಮವಿರಲಿಲ್ಲ. ಆದರೆ ಮಾತು ಅಷ್ಟಕ್ಕೆ ನಿಲ್ಲಲಿಲ್ಲ. ಎರಡು ತಿಂಗಳಿನಿಂದ ಓದು ಬರುವವರಂತೆ ನಟಿಸಿ ಎಲ್ಲರ ಕಣ್ಣಿಗೆ ಮಣ್ಣೆರಚಿದವರನ್ನು ಆಯಾ ಕೆಲಸದಲ್ಲೂ ಇಟ್ಟುಕೊಳ್ಳಬಾರದು ಎಂದು ಪದಾಧಿಕಾರಿಗಳು ಊಟದ ಹೊತ್ತಿಗೆ ಪಟ್ಟು ಹಿಡಿದರು. ಸಿದ್ದಗಂಗಮ್ಮನವರಿಗೆ ಗಂಡ ತೀರಿಕೊಂಡಿದ್ದರು. ತೋಟ ಮೈದುನನ ಕೈಯಲ್ಲಿತ್ತು. ಸ್ವಂತದ್ದೆಂದು ಇದ್ದದ್ದು ಈ ಕೆಲಸವೊಂದೇ.

ಜಯಲಕ್ಷ್ಮಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಓದೋಕೇ ಬರದೋರಿಗೆ ನಲವತ್ತೆಂಟು ಕೊಟ್ಟಿದೀರಲ್ಲ ಸಾರ್. ಎರಡಂಕ ಯಾತಕ್ಕೆ ಕಡಿಮೆ ಮಾಡಿದ್ರಿ?" ಎಂದರು. ನಗಲಿಲ್ಲ. ಏನು ಕಂಡಿರೋ ಅದನ್ನು ಬರೆದುಕೊಡಿ, ಸಮಾಜದವರಿಗೆ ತೋರಿಸಬೇಕು ಎಂದು ಹೇಳಿ ಹೋದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಗಂಗಮ್ಮ ದಬ್ಬೇಘಟ್ಟದ ಬಸ್ಸಿಗೆ, ನಾನು ತಿಪಟೂರಿನ ಬಸ್ಸಿಗೆ ಕಾಯುತ್ತಿದ್ದೆವು. ಮೊದಲೇ ಯಾಕೆ ಹೇಳಲಿಲ್ಲ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ನೀವು ಕೇಳಲಿಲ್ಲವಲ್ಲ, ಕೇಳಿದ್ದರೆ ಹೇಳುತ್ತಿದ್ದೆ ಎಂದರು. ನಿಜ. ನನ್ನ ಫಾರಂನ ಹತ್ತು ಪ್ರಶ್ನೆಗಳಲ್ಲಿ ಓದಲು ಬರುತ್ತದೆಯೇ ಎಂಬುದಿರಲಿಲ್ಲ. ಮತ್ತೆ ಕೇಳಿದೆ: ಆ ದಿನ ಮಕ್ಕಳ ಹತ್ತಿರ ಬಾಲ, ಮೀಸೆ, ಮೂತಿ ಎಂದು ಅಷ್ಟೊಂದು ವಿಚಾರಿಸಿದ್ದು ಯಾಕೆ?

"ಪುಸ್ತಕ ಅವುರ ಕಡೀಕ್ ತಿರುಗಿತ್ತು. ಅದ್ರಾಗೆ ಏನೈತೆ ಅಂತ ನಂಗ್ ಹೆಂಗ್ ಗೊತ್ತಾಗ್ಬೇಕು? ಗೊತ್ತಿದ್ರೆ ಯಾಕಪ್ಪ ಕೇಳ್ತಿದ್ದೆ?"

ಅವರ ಬಸ್ಸು ಬಂತು, ಹತ್ತಿ ಹೋದರು. ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಇಪ್ಪತ್ತು ವರ್ಷ ತರಬೇತಿ ಶಿಬಿರಗಳಲ್ಲಿ ನಾನು ಈ ಪ್ರಸಂಗವನ್ನು ಹೇಳಿದ್ದೇನೆ. ಹೇಳುವಾಗಲೆಲ್ಲ ಕೊನೆ ಹೀಗಿರುತ್ತಿತ್ತು: ಅಂದು ತಿಪಟೂರಿನ ಲಾಡ್ಜಿನಲ್ಲಿ ಕೂತು ನಾನು ಸಿದ್ದಗಂಗಮ್ಮನವರ ಪರವಾಗಿ ಒಂದು ಪುಟ ತುಂಬ ಬರೆದೆ, ಕಟ್ಟುನಿಟ್ಟಿನ ಮೇಲ್ವಿಚಾರಕಿ ಕೊನೆಗೆ ಒಪ್ಪಬೇಕಾಯಿತು, ಅವರ ಕೆಲಸ ಉಳಿಯಿತು. ಮಕ್ಕಳು ಉತ್ತರ ಕೊಡುವುದು ನಿಜವಾಗಿ ಕೇಳಿದವರಿಗೆ ಎಂದು ಒಂದು ನೀತಿಯನ್ನೂ ಸೇರಿಸುತ್ತಿದ್ದೆ. ಆ ನೀತಿ ಈಗಲೂ ಸರಿಯೆಂದೇ ಭಾವಿಸಿದ್ದೇನೆ.

ನಿವೃತ್ತನಾದ ಮೇಲೆ ಹಳೆಯ ಕಡತಗಳನ್ನು ತೆಗೆದಾಗ ಆ ಪತ್ರದ ಕಾರ್ಬನ್ ಪ್ರತಿ ಸಿಕ್ಕಿತು. ಒಂದು ಪುಟವಲ್ಲ, ಎರಡು ವಾಕ್ಯ. 'ಓದಿದವರ ಅಕ್ಷರಜ್ಞಾನವನ್ನು ಪರೀಕ್ಷಿಸಿರಲಿಲ್ಲವಾದ್ದರಿಂದ ಈ ಮೊದಲು ನೀಡಿದ ಅಂಕಗಳನ್ನು ರದ್ದುಪಡಿಸಿದೆ. ಈ ಕೇಂದ್ರವನ್ನು ಅಧ್ಯಯನದಿಂದ ಕೈಬಿಡಲಾಗಿದೆ.' ಕೆಳಗೆ ನನ್ನ ಸಹಿ. ಆ ಹೆಂಗಸಿನ ಹೆಸರು ಕೂಡ ಅದರಲ್ಲಿಲ್ಲ. ನಲವತ್ತೆಂಟು ಅಂಕ ಕೊಟ್ಟ ಮೂರ್ಖ ಎಂದು ಘಟಕದಲ್ಲಿ ಯಾರಾದರೂ ನಕ್ಕಾರು ಎಂಬ ಹೆದರಿಕೆಯಿಂದಲೇ ಹಾಗೆ ಬರೆದಿರಬೇಕು. ಬರೆದದ್ದು ಮಾತ್ರ ನನಗೆ ನೆನಪಿಲ್ಲ.

ಅದಕ್ಕೆ ಗುಂಡುಪಿನ್ನಿನಲ್ಲಿ ಸೇರಿಸಿದ್ದ ಇನ್ನೊಂದು ಕಾಗದವಿತ್ತು. ಜಯಲಕ್ಷ್ಮಮ್ಮ ಸಮಾಜದವರಿಗೆ ಬರೆದ ಪತ್ರದ ಪ್ರತಿ, ನಮ್ಮ ಘಟಕದ ಅವಗಾಹನೆಗೆ ಕಳಿಸಿದ್ದು. ಬಂದಾಗ ನಾನು ಅದನ್ನು ಓದಿದ್ದೆನೋ ಇಲ್ಲವೋ ತಿಳಿಯದು. ಹೊಸ ಟೀಚರ ನೇಮಕದ ಮಾತು ಮುಗಿದ ಮೇಲೆ ಹೀಗಿದೆ: 'ಆಯಾ ಸಿದ್ದಗಂಗಮ್ಮನವರು ಯಾರಿಗೂ ಮೋಸ ಮಾಡಿಲ್ಲ. ಅವರನ್ನು ಕೆಲಸದಲ್ಲಿ ಮುಂದುವರಿಸತಕ್ಕದ್ದು. ಪುಸ್ತಕ ಓದುವ ಹೊತ್ತಿನಲ್ಲಿ ಅವರು ಮಕ್ಕಳ ಜೊತೆ ಕೂರತಕ್ಕದ್ದು. ಆ ಅರ್ಧ ಗಂಟೆ ಅವರಿಗೆ ಗುಡಿಸುವುದು, ನೀರು ತರುವುದು ಮೊದಲಾದ ಬೇರೆ ಕೆಲಸ ಹೇಳಕೂಡದು.'

ಇಪ್ಪತ್ತು ವರ್ಷ ನಾನು ಕಥೆಯಲ್ಲಿ ಕಟ್ಟುನಿಟ್ಟಿನವರೆಂದು ಹೇಳುತ್ತ ಬಂದವರೇ ಇದನ್ನು ಬರೆದಿದ್ದರು. ನೆನಪು ಇಬ್ಬರ ಕೆಲಸವನ್ನು ಅದಲುಬದಲು ಮಾಡಿ, ಒಳ್ಳೆಯದನ್ನು ನನಗೆ ಕೊಟ್ಟು ಸುಮ್ಮನಾಗಿತ್ತು. ಜಯಲಕ್ಷ್ಮಮ್ಮನವರನ್ನು ಹುಡುಕಿಸಿದೆ, ಅವರು ಎಲ್ಲಿದ್ದಾರೆಂದು ಹೇಳುವವರು ಸಿಗಲಿಲ್ಲ.

ಮಕ್ಕಳ ಓದಿನ ಬಗ್ಗೆ ನನ್ನ ವೃತ್ತಿ ಹಲವು ಸಂಗತಿ ಕಲಿಸಿತು. ನನ್ನ ಬಗ್ಗೆ ಕಲಿಸಿದ್ದು ಇದೊಂದು: ಹಿಂದೆ ನಡೆದದ್ದನ್ನು ಹೇಳುವಾಗ ನಾನು ಎಲ್ಲಿ ಧೈರ್ಯವಂತನಾಗಿ ಕಾಣುತ್ತೇನೋ, ಕಾಗದಪತ್ರವನ್ನು ಮೊದಲು ಅಲ್ಲಿಯೇ ಹುಡುಕಬೇಕು.