ಗಾಯ ಕಟ್ಟುವ ಹೊತ್ತಿನ ಮಾತು

ಪುಟ್ಟೇನಹಳ್ಳಿ ಕೆರೆಯ ಸುತ್ತ ವಾಕಿಂಗ್ ಮುಗಿಸಿದವರು ಮನೆಗೆ ಮರಳುವ ಹೊತ್ತಿಗೆ ಡಾಕ್ಟರ್ ಮೈತ್ರೇಯಿಯವರ ಪುಟ್ಟ ಕ್ಲಿನಿಕ್ ಬಾಗಿಲು ತೆರೆದಿರುತ್ತದೆ. ಒಳಗೆ ನರ್ಸ್ ಭಾಗ್ಯಜ್ಯೋತಿ ಸ್ಟೂಲಿನ ಮೇಲೆ ಕೂತು, ಎದುರಿಗಿದ್ದ ಚಿಕ್ಕಬೈರಪ್ಪನವರ ಪಾದವನ್ನು ಮಡಿಲಿಗೆ ಎಳೆದುಕೊಂಡು ಬ್ಯಾಂಡೇಜ್ ಬಿಚ್ಚುತ್ತಿದ್ದಾರೆ. ಸಕ್ಕರೆ ಕಾಯಿಲೆಯಿಂದಾಗಿ ತಿಂಗಳುಗಟ್ಟಲೆ ಒಣಗದೆ ಸತಾಯಿಸಿದ ಗಾಯ. ಈ ವಾರವೂ ಒಣಗದಿದ್ದರೆ ಹೆಬ್ಬೆರಳು ತೆಗೆಯಬೇಕೆಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಪಕ್ಕದಲ್ಲಿ ನಿಂತ ಹೆಂಡತಿ ಸೊಣ್ಣಮ್ಮ ಬಿಚ್ಚುತ್ತಿರುವ ಬಟ್ಟೆಯನ್ನೇ ನೋಡುತ್ತಿದ್ದಾರೆ.

ಕುಡಿತ ಬಿಡಿಸುತ್ತೇವೆಂಬ ಬೋರ್ಡು ಇಲ್ಲೆಲ್ಲೂ ಇಲ್ಲ. ಜ್ವರ, ಬಿಪಿ, ಶುಗರಿನವರ ನಡುವೆಯೇ ಕುಡಿತದವರೂ ಕೂರುತ್ತಾರೆ. ಯಾರು ಯಾವುದಕ್ಕೆ ಬಂದರೆಂದು ಪಕ್ಕದವರಿಗೂ ಗೊತ್ತಾಗುವುದಿಲ್ಲ.

"ಕುಡಿಯೋದು ಬಿಡಿಸಿ ಅಂತ ಯಾರೂ ಬರಲ್ಲ ಸಾರ್. ಹೊಟ್ಟೆ ಉರಿ, ಕಾಲು ಗಾಯ ಅಂತಾನೇ ಬರೋದು. ಕಟ್ಟು ಹಾಕೋವಾಗ ಕಾಲು ನನ್ನ ಕೈಲಿರುತ್ತಲ್ಲ, ಎದ್ದು ಓಡಕ್ಕಾಗಲ್ಲ. ಆಗ ಮೆಲ್ಲಗೆ ಕೇಳ್ತೀನಿ" ಎಂದು ಭಾಗ್ಯಜ್ಯೋತಿ ನನ್ನತ್ತ ತಿರುಗಿ ನಗುತ್ತಾರೆ.

ಬಾಯಿಬಿಟ್ಟವರ ಒಪ್ಪಿಗೆ ಪಡೆದು ವಿಷಯವನ್ನು ಡಾಕ್ಟರಿಗೆ ಮುಟ್ಟಿಸುತ್ತಾರೆ. ಶುಗರಿನ ಮಾತ್ರೆಯ ಜೊತೆಗೇ ಕುಡಿತಕ್ಕೂ ಚಿಕಿತ್ಸೆ ಶುರುವಾಗುತ್ತದೆ. ಶ್ರೀನಗರದಿಂದ ಎರಡು ಬಸ್ಸು ಬದಲಿಸಿ ಬರುವ ಭಾಗ್ಯಜ್ಯೋತಿಗೆ ದಿನಕ್ಕೆ ಇಪ್ಪತ್ತಾದರೂ ಕಟ್ಟುಗಳ ಕೆಲಸ. ಕುಡಿದು ಬಂದು ಬಾಯಿಗೆ ಬಂದಂತೆ ಬೈದವರಿದ್ದಾರೆ, ಬಿಟ್ಟು ಮತ್ತೆ ಶುರು ಮಾಡಿದವರಂತೂ ಬೇಕಾದಷ್ಟು. "ಶುಗರ್ ಮತ್ತೆ ಜಾಸ್ತಿಯಾದ್ರೆ ಬೈತೀವಾ? ಇದೂ ಹಾಗೇ" ಎನ್ನುವ ಈ ಹೆಂಗಸಿನ ತಾಳ್ಮೆಗೆ ಕೈಮುಗಿಯಬೇಕು.

ಪುಟ್ಟೇನಹಳ್ಳಿಯ ಹಳೇ ಮನೆತನದವರಾದ ಚಿಕ್ಕಬೈರಪ್ಪ ಮಾತ್ರ ಮರ್ಯಾದೆಗೆ ಅಂಜಿ ಮೊದಲು ತಮ್ಮ ಕುಡಿತದ ಬಗ್ಗೆ ಬಾಯಿಬಿಡಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ, ಇನ್ನು ಮುಟ್ಟುವುದಿಲ್ಲವೆಂದು ಆಣೆಯಿಟ್ಟು ಬಂದರು. ಸೊಣ್ಣಮ್ಮ ಹಿಗ್ಗಿ ಬೀದಿಗೆಲ್ಲ ಸಿಹಿ ಹಂಚಿದರು. ಎರಡು ದಿನ ಕಳೆದು ಡ್ರೆಸ್ಸಿಂಗಿಗೆ ಬಂದಾಗ ಭಾಗ್ಯಜ್ಯೋತಿಯ ಕೈಯಲ್ಲಿದ್ದ ಪಾದ ಗಡಗಡ ನಡುಗುತ್ತಿತ್ತು, ಮೈಯೆಲ್ಲ ಬೆವರು. ಶುಗರ್ ಇಳಿದಿರಬೇಕೆಂದು ನೋಡಿದರೆ ಅದು ಸರಿಯಾಗೇ ಇತ್ತು.

"ಆಣೆ ವಿಷ್ಯ ಸೊಣ್ಣಮ್ಮ ಹೇಳ್ತಿದ್ದಂಗೆ ನಂಗೆ ಗೊತ್ತಾಗೋಯ್ತು. ವರ್ಷಗಟ್ಟಲೆ ದಿನಾ ಕುಡಿದೋರು ಒಂದೇ ಸಲ ನಿಲ್ಸಿದ್ರೆ ಫಿಟ್ಸ್ ಬರ್ಬೋದು, ಜೀವಕ್ಕೇ ಅಪಾಯ. ಮೇಡಂನ ಕೂಗಿದೆ."

ಡಾಕ್ಟರ್ ತಕ್ಷಣ ಆಸ್ಪತ್ರೆಗೆ ಸೇರಿಸಿದರು. ಚಿಕ್ಕಬೈರಪ್ಪ ಗುಣವಾಗಿ ಬಂದ ಮೇಲೆ ಡಾಕ್ಟರ್ ಹೇಳಿದ್ದು ಇಷ್ಟೇ: "ಆಣೆ ದೇವರಿಗಿರಲಿ ಯಜಮಾನ್ರೇ, ನಮಗೂ ಒಂದು ಮಾತು ಹೇಳ್ಬೇಕಿತ್ತು." ಅಂದಿನಿಂದ ಕುಡಿತಕ್ಕೂ ಶುಗರಿಗೂ ಇಲ್ಲೇ ಔಷಧಿ. ಕಟ್ಟು ಹಾಕಿಸಿಕೊಳ್ಳುವಾಗಲೆಲ್ಲ ಚಿಕ್ಕಬೈರಪ್ಪನವರ ಬಾಯಿಗೆ ಬಿಡುವೇ ಇಲ್ಲ.

ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿಕೊಳ್ಳುತ್ತದೆ. ಡಾಕ್ಟರ್ ಬಗ್ಗಿ ನೋಡಿ, "ಪೂರ್ತಿ ಮುಚ್ಚಿದೆ. ಬೆರಳು ಉಳೀತು" ಎನ್ನುತ್ತಾರೆ. ಸೊಣ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ. ಭಾಗ್ಯಜ್ಯೋತಿಗೂ ದೊಡ್ಡ ಹೊರೆ ಇಳಿಸಿದಷ್ಟು ಹಗುರ.

ಚಿಕ್ಕಬೈರಪ್ಪ ಮಾತ್ರ ಏಳುವುದಿಲ್ಲ. "ಇನ್ನು ಕಟ್ಟು ಇಲ್ವಲ್ಲ ಸಿಸ್ಟರಮ್ಮ. ಸಂಜೆ ಆದ್ರೆ ಈಗ್ಲೂ ಮನಸ್ಸು ಎಳೀತದೆ. ಏನಂತ ಹೇಳ್ಕೊಂಡು ಇಲ್ಲಿಗೆ ಬರ್ಲಿ?"

ಭಾಗ್ಯಜ್ಯೋತಿ ಆ ಪಾದವನ್ನು ಒರೆಸಿ ಮೆಲ್ಲಗೆ ಕೆಳಗಿಡುತ್ತಾರೆ.

"ಗಾಯ ಹೋದ್ರೂ ಕಾಲು ಇದೆಯಲ್ಲ ಯಜಮಾನ್ರೇ. ಗುರುವಾರ ಬನ್ನಿ, ನೋಡ್ತೀನಿ."