ಹಗ್ಗ ಬಿಗಿಯುವ ದಾವಲ್‌ಸಾಬ್

ಸಾಲಗುಂದದ ಗದ್ದೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ, ಆಳೆತ್ತರ ಏರಿದ ಭತ್ತದ ಹುಲ್ಲಿನ ನಡುವೆ ದಾವಲ್‌ಸಾಬ್ ನಿಂತಿದ್ದಾರೆ. ಕೆಳಗಿನಿಂದ ನಾಲ್ವರು ಹುಲ್ಲು ಎಸೆಯುತ್ತಾರೆ. ಅದನ್ನು ತೋಳಲ್ಲಿ ಹಿಡಿದು ಮೊದಲು ಅಂಚಿಗೆ ಹಾಸಿ, ಆಮೇಲೆ ನಡುವಿಗೆ ಸುರಿದು, ಹಿಮ್ಮಡಿ ಊರಿ ತುಳಿಯುತ್ತಾರೆ. "ಬಲಕ್ಕ ಹೆಚ್ಚಾತು, ಎಡಕ್ಕ ಒಗೀರಿ!" ಎಂಬ ಅವರ ಕೂಗಿಗೆ ಕಾಲುವೆ ದಂಡೆಯ ಬೆಳ್ಳಕ್ಕಿಗಳೂ ಎದ್ದು ಹಾರುತ್ತವೆ. ವಯಸ್ಸು ಐವತ್ತು ದಾಟಿದೆ. ಹತ್ತುವಾಗ ಹುಡುಗ, ಇಳಿಯುವಾಗ ಮಾತ್ರ ಮಂಡಿ ಹಿಡಿದುಕೊಂಡು "ಯಾ ಅಲ್ಲಾ" ಅನ್ನುತ್ತಾರೆ.

ಸಿಂಧನೂರು ಭಾಗದಲ್ಲಿ ಕಾಲುವೆ ನೀರಿದೆ, ಭತ್ತವಿದೆ, ಹುಲ್ಲು ಮಿಕ್ಕುತ್ತದೆ. ಮಸ್ಕಿ, ಲಿಂಗಸುಗೂರು ಕಡೆ ಎಮ್ಮೆಗಳಿವೆ, ಮೇವು ಸಾಲದು. ಕೊಯ್ಲು ಮುಗಿದ ಮೇಲೆ ದಿನಕ್ಕೊಂದು, ಕೆಲವೊಮ್ಮೆ ಎರಡು ಹೇರು ಕಟ್ಟಿ ಅತ್ತ ಕಳಿಸುವುದು ದಾವಲ್‌ಸಾಬರ ಕೆಲಸ. "ಆ ಸಾಬಣ್ಣ ಕಟ್ಟಿದ ಹುಲ್ಲು ಬಂತಂದ್ರ ಒಂದು ಎಸಳೂ ಉದುರಿರಂಗಿಲ್ರೀ. ನಮ್ಮ ಎಮ್ಮಿಗೋಳು ಅವರ ಹೆಸರ‍್ಲೇನ ಹಾಲು ಕೊಡ್ತಾವು" ಎನ್ನುತ್ತಾರೆ ಲಿಂಗಸುಗೂರಿನಲ್ಲಿ ಹಾಲು ಮಾರುವ ಶಿವಬಸಮ್ಮ. ನಾವು ಕುಡಿಯುವ ಚಹಾದಲ್ಲಿ ಈ ಮನುಷ್ಯನ ಹಿಮ್ಮಡಿಯ ಪಾಲೂ ಇದೆ. ಸಕ್ಕರೆ ಕಡಿಮೆಯಾಯಿತೆಂದು ಗೊಣಗುವ ನಮಗೆ ಅದೆಲ್ಲಿ ನೆನಪಾಗಬೇಕು!

ಒಂದು ಕಾಲಕ್ಕೆ ಇವರು ಹಗ್ಗ ಮುಟ್ಟುವುದನ್ನೇ ಬಿಟ್ಟಿದ್ದರು. ನಾಲ್ಕು ವರ್ಷದ ಹಿಂದೆ, ಮಸ್ಕಿ ದಾಟಿದ ಮೇಲಿನ ತಿರುವಿನಲ್ಲಿ ಇವರು ಕಟ್ಟಿದ ಹೇರು ವಾಲಿ ಸುರಿಯಿತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಗಂಡ ಹೆಂಡತಿ ಹುಲ್ಲಿನಡಿ ಹೂತುಹೋದರು. ಅಂದು ಜೊತೆಗೇ ಹೋಗಿದ್ದ ದಾವಲ್‌ಸಾಬ್ ಮತ್ತು ಟ್ರ್ಯಾಕ್ಟರ್ ಓಡಿಸುವ ಗಾಳೆಪ್ಪ ಬರಿಗೈಯಲ್ಲಿ ಬಾಚಿ ಬಾಚಿ ಇಬ್ಬರನ್ನೂ ಹೊರಗೆಳೆದರು. ಹೆಂಡತಿಯ ಕೈ ಮುರಿದಿತ್ತು, ಇಬ್ಬರ ಜೀವವೂ ಉಳಿದಿತ್ತು. "ಆ ತಾಯಿ ಕೆಮ್ಮಿದ ಸಪ್ಪಳ ಐತಲ್ರೀ, ಅದು ಇನ್ನೂ ನನ್ನ ಕಿವ್ಯಾಗ ಐತಿ. ಉಸಿರಾಡಾಕತ್ತಾಳ ಅಂತ ಗೊತ್ತಾದ ಮ್ಯಾಲ ನಾ ರಸ್ತಾದಾಗ ಕುಂತು ಅತ್ತೆ" ಎನ್ನುತ್ತಾರೆ.

ಯಾರದೋ ಕೆಟ್ಟ ಕಣ್ಣಿನ ನಜರ್ ತಾಗಿದೆ ಎಂದೇ ಅವರು ನಂಬಿದ್ದರು. ಟ್ರೇಲರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಆದರೂ ಧೈರ್ಯ ಬರಲಿಲ್ಲ. ಆಗ ಪಿಯುಸಿ ವಿಜ್ಞಾನ ಓದುತ್ತಿದ್ದ ಮಗಳು ವಸೀಮಾ ಒಂದು ಸಂಜೆ ತಾಟಿನ ಮೇಲೆ ಎತ್ತರದ ಲೋಟ ನಿಲ್ಲಿಸಿ, ತಾಟನ್ನು ತಟ್ಟನೆ ಎಳೆದಳು. ಲೋಟ ಹಿಂದಕ್ಕೆ ಬಿತ್ತು. "ಅಬ್ಬಾಜಾನ್, ತಾಟು ಓಡ್ತು, ಲೋಟ ನಿಂತಲ್ಲೇ ನಿಲ್ಲಾಕ ನೋಡ್ತು. ಓಡೋದು ಓಡಾಕ ನೋಡ್ತೈತಿ, ಅದೂ ನೆಟ್ಟಗ. ತಿರುವಿನ್ಯಾಗ ಟ್ರ್ಯಾಕ್ಟರ್ ಹೊರಳ್ತು, ಹುಲ್ಲು ಹೊರಳಲಿಲ್ಲ. ಹಿಡಿಬೇಕಾದ ಹಗ್ಗ ಸಡ್ಲ ಇತ್ತು. ನಜರ್ ಅಲ್ಲ ಇದು" ಎಂದಳು. ತಾಟಿನ ಮೇಲೆ ಅಗಲದ ಬೋಗುಣಿ ಇಟ್ಟು ಎಳೆದಳು. ಅದು ಬೀಳಲಿಲ್ಲ.

ಹಗ್ಗ ಸಡಿಲವಾದದ್ದು ಹೇಗೆ ಎಂಬುದನ್ನು ಅಪ್ಪ ಮಗಳು ಕೂತು ಬಿಡಿಸಿದರು. ಬೆಳಗಿನ ಇಬ್ಬನಿಯಲ್ಲಿ ನೆನೆದ ನಾರಿನ ಹಗ್ಗ ಬಿಗಿಯಾಗಿರುತ್ತದೆ, ಕಟ್ಟಿದವನಿಗೆ ನೆಮ್ಮದಿ. ಬಿಸಿಲೇರಿದಂತೆ ಹಗ್ಗ ಒಣಗಿ ಸಡಿಲಾಗುತ್ತದೆ, ಹುಲ್ಲೂ ಕುಲುಕಾಡಿ ಕುಗ್ಗುತ್ತದೆ. ಅಂದು ನಡುವೆ ಎಲ್ಲೂ ನಿಲ್ಲಿಸಿ ನೋಡಿರಲಿಲ್ಲ. "ಆಕಿ ಪುಸ್ತಕ ಓದಿದ್ದಕ್ಕ ನಾ ಮತ್ತ ಹೇರು ಹತ್ತಿದೆ. ಆಕಿಗೆ ಕಲಿಸಿದ ಮಾಸ್ತರ್ ಮಂದಿಗೆ ನನ್ನ ಸಲಾಂ ಹೇಳ್ರಿ" ಎನ್ನುವಾಗ ದಾವಲ್‌ಸಾಬರ ಕಣ್ಣು ತುಂಬಿ ಬರುತ್ತದೆ. ಅದನ್ನು ಕೇಳಿ ನನಗೂ ನನ್ನ ಮೇಷ್ಟ್ರ ನೆನಪಾಯಿತು.

ಈಗ ಅವರು ಹೇರಿನ ಎತ್ತರ ತಗ್ಗಿಸಿದ್ದಾರೆ, ಬುಡವನ್ನು ಒತ್ತಾಗಿ ತುಂಬುತ್ತಾರೆ. ತಾವು ಕಟ್ಟಿದ ಪ್ರತಿ ಹೇರಿನ ಜೊತೆಗೂ ತಾವೇ ಹೋಗುತ್ತಾರೆ, ಮಸ್ಕಿಗೆ ಮೊದಲು ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ಹಗ್ಗ ಬಿಗಿಯುತ್ತಾರೆ. ಮೊದಮೊದಲು ಬೇರೆ ಟ್ರ್ಯಾಕ್ಟರಿನವರು "ಹುಲ್ಲಿಗೆ ನಡುಪಟ್ಟಿ ಕಟ್ಟಾಕತ್ತೀಯೇನೋ ಸಾಬಣ್ಣ?" ಎಂದು ನಗುತ್ತಿದ್ದರಂತೆ. ಈಗ ಅದೇ ಬೇವಿನ ಮರದ ಕೆಳಗೆ ಅವರೂ ನಿಲ್ಲಿಸುತ್ತಾರೆ.

ಇವತ್ತಿನ ಹೇರು ಶಿವಬಸಮ್ಮನವರ ಮನೆಗೆ. ನಾನೂ ಜೊತೆಗಿದ್ದೇನೆ. ಮರದ ಕೆಳಗೆ ದಾವಲ್‌ಸಾಬ್ ಹಗ್ಗ ಜಗ್ಗಿದರೆ ಮೊಳದಷ್ಟು ಸಡಿಲ ಕೈಗೆ ಬರುತ್ತದೆ. ಚಕ್ರಕ್ಕೆ ಕಾಲು ಕೊಟ್ಟು ಎಳೆದು ಗಂಟು ಹಾಕುತ್ತಾರೆ. ಮಸ್ಕಿ ದಾಟುತ್ತದೆ. ತಿರುವು ಇನ್ನೂ ದೂರವಿರುವಾಗಲೇ "ಈಗಿಂದ್ಲೇ ತಗ್ಗಿಸು. ಇಷ್ಟು ವಜ್ಜೆ ಒಮ್ಮೆಲೆ ನಿಲ್ಲಂಗಿಲ್ಲ" ಎನ್ನುತ್ತಾರೆ. ಗಾಳೆಪ್ಪ ವೇಗ ಇಳಿಸುತ್ತಾನೆ. ಹಿಂದೆ ಹಾರ್ನ್ ಶುರುವಾಗುತ್ತದೆ. ದಾವಲ್‌ಸಾಬರ ಕಣ್ಣು ಹೇರಿನ ಮೇಲೆಯೇ ಇದೆ, ತುಟಿ ಏನನ್ನೋ ಜಪಿಸುತ್ತಿದೆ. ಹೇರು ಒಂದಿಷ್ಟು ಅಲುಗುತ್ತದೆ, ಹಗ್ಗ ಕಿರ್ ಎನ್ನುತ್ತದೆ, ತಿರುವು ಮುಗಿಯುತ್ತದೆ.

ಹಿಂದಿದ್ದ ಬೈಕು ಭರ್ರನೆ ಮುಂದೆ ಬರುತ್ತದೆ. ಗಂಡ, ಹೆಂಡತಿ, ನಡುವೆ ಒಂದು ಕೂಸು. "ರಸ್ತಾ ನಿಮ್ಮಪ್ಪಂದೇನ್ಲೇ?" ಎಂದು ಗಂಡ ಕೂಗಿ ಹೋಗುತ್ತಾನೆ. ಗಾಳೆಪ್ಪ ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ದಾವಲ್‌ಸಾಬ್ ಅವನ ಭುಜ ಒತ್ತುತ್ತಾರೆ.

"ಬೈಲಿ ಬಿಡೋ. ಬೈಕೋತ ಮನಿ ಮುಟ್ಲಿ."